ಪಾರ್ಫಿರಿನ್ ವರ್ಣದ್ರವ್ಯಗಳು ಮತ್ತು ಸೂರ್ಯಪ್ರಕಾಶದ ಗ್ರಹಣ

ಎಲೆಯ ಹಸುರಿಗೂ ರಕ್ತದ ಕೆಂಪಿಗೂ ಕಾರಣವಾದ ದ್ರವ್ಯಗಳು ಒಂದೇ ಕುಲಕ್ಕೆ ಸೇರಿದವು. ನಾಲ್ಕು ಪೈರೋಲ್ ಉಂಗುರಗಳು ನಾಲ್ಕು ಇಂಗಾಲದ ಕೊಂಡಿಗಳಿಂದ ಕೂಡಿ ಆದ ಪಾರ್ಫಿರಿನ್ ಎಂಬ ದೊಡ್ಡ ವಲಯವೇ ಇವುಗಳ ಮೂಲರೂಪ. ಬೆಳಕನ್ನು ಹೀರುವ ಈ ಅಣುವನ್ನು ವಿದ್ಯುದುತ್ಪಾದನೆಗೆ ಬಳಸಬಹುದೇ? ಬಳಸಬಹುದು, ಆದರೆ ಅದಕ್ಕೆ ಮುನ್ನ ಅದರ ಹುಟ್ಟುಕೊರತೆಯೊಂದನ್ನು ನೀಗಬೇಕು.

1883ರಲ್ಲಿ ಸ್ವಿಸ್ ವಿಜ್ಞಾನಿ ಸೋರೆ ಎಂಬಾತನು ರಕ್ತದ ರೋಹಿತದಲ್ಲಿ, ನೇರಿಳೆಯ ಭಾಗದಲ್ಲಿ, ಗಾಢವಾದ ಹೀರಿಕೆಯ ಪಟ್ಟಿಯೊಂದನ್ನು ಕಂಡನು. ಸಾಮಾನ್ಯ ಪಾರ್ಫಿರಿನ್‌ಗಳಲ್ಲಿ ಈ ಸೋರೆ ಪಟ್ಟಿಯು 400ರಿಂದ 450 ನ್ಯಾನೊಮೀಟರ್ ತರಂಗಾಂತರದ ನಡುವೆಯೂ, ಕ್ಯೂ ಪಟ್ಟಿಗಳೆಂಬ ದುರ್ಬಲ ಪಟ್ಟಿಗಳು 500ರಿಂದ 650ರ ನಡುವೆಯೂ ಇರುತ್ತವೆ. ಇವುಗಳ ನಡುವಣ ಬೆಳಕೂ 650ರಾಚೆಯ ಕೆಂಬೆಳಕೂ ಬಹುಮಟ್ಟಿಗೆ ವ್ಯರ್ಥವಾಗುತ್ತವೆ.

ಇದರ ಕಾರಣವನ್ನು 1960ರ ಆಸುಪಾಸಿನಲ್ಲಿ ಅಮೆರಿಕದ ಗೌಟರ್‌ಮನ್ ವಿವರಿಸಿದನು. ಅಣುವಿನಲ್ಲಿ ಎರಡು ಇಲೆಕ್ಟ್ರಾನು ಸಂಕ್ರಮಣಗಳ ಶಕ್ತಿ ಹೆಚ್ಚುಕಡಮೆ ಸಮಾನ. ಆದುದರಿಂದ ಅವು ಒಂದರೊಡನೊಂದು ಬೆರೆಯುತ್ತವೆ. ಒಂದೇ ದಿಕ್ಕಿಗೆ ಹೂಡಿದ ಜೋಡೆತ್ತುಗಳಂತೆ ಅವುಗಳ ಬಲ ಕೂಡಿದಾಗ ಸೋರೆ ಪಟ್ಟಿ. ಎದುರುಬದುರಾಗಿ ಎಳೆದಾಗ ಬಲ ಕಳೆದು ಕ್ಯೂ ಪಟ್ಟಿ. ಅಣುವಿನ ಸಮಸೌಷ್ಠವವೇ ಈ ದೌರ್ಬಲ್ಯದ ಮೂಲ. ಎಲೆಯ ಹಸುರಿನಲ್ಲಿ ಪ್ರಕೃತಿಯು ವಲಯದ ಒಂದು ದ್ವಿಬಂಧವನ್ನು ತೆಗೆದು ಸೌಷ್ಠವವನ್ನು ಮುರಿದಿದೆ. ಅಲ್ಲಿ ಕೆಂಪಿನ ಹೀರಿಕೆ ಪ್ರಬಲವಾಗಿದೆ.

ರಸಾಯನಜ್ಞರು ಹಿಡಿದ ದಾರಿಯೂ ಇದೇ ತತ್ತ್ವದ್ದು. 1991ರಲ್ಲಿ ಓರೇಗನ್ ಮತ್ತು ಗ್ರೆಟ್ಸೆಲ್ ಪ್ರಕಟಿಸಿದ ಸೌರಕೋಶದಲ್ಲಿ ಟೈಟೇನಿಯಂ ಡೈಆಕ್ಸೈಡಿನ ಸೂಕ್ಷ್ಮಕಣಗಳ ಮೇಲೆ ವರ್ಣದ್ರವ್ಯವನ್ನು ಲೇಪಿಸುತ್ತಾರೆ. ಬೆಳಕಿನಿಂದ ಉದ್ರಿಕ್ತವಾದ ಇಲೆಕ್ಟ್ರಾನು ಕಣವನ್ನು ಸೇರಿ, ಹೊರಮಂಡಲದಲ್ಲಿ ಹರಿಯುತ್ತದೆ. ಅಣುವಿನ ನಷ್ಟವನ್ನು ವಿದ್ಯುದ್ವಿಚ್ಛೇದ್ಯವು ತುಂಬುತ್ತದೆ. ಇಂತಹ ಕೋಶಕ್ಕಾಗಿ ಸತುವಿನ ಪಾರ್ಫಿರಿನ್ನಿನ ಒಂದು ತುದಿಗೆ ಇಲೆಕ್ಟ್ರಾನು ದಾನಿಯಾದ ಅಮೈನನ್ನೂ, ಎದುರು ತುದಿಗೆ ಗ್ರಾಹಿಯಾದ ಆಮ್ಲಗುಂಪನ್ನೂ ಜೋಡಿಸಿದರು. ಇದರಿಂದ ಪಟ್ಟಿಗಳು ಅಗಲವಾಗಿ ಕೆಂಪಿನತ್ತ ಸರಿದವು. ಅಣುಗಳು ಒಂದಕ್ಕೊಂದು ಅಂಟದಂತೆ ಉದ್ದವಾದ ಆಲ್ಕಾಕ್ಸಿ ಸರಪಣಿಗಳು ತಡೆದವು. 2011ರಲ್ಲಿ ವೈಡಿ2-ಓ-ಸಿ8 ಎಂಬ ದ್ರವ್ಯವು ನಡುವಣ ತೆರಪನ್ನು ತುಂಬುವ ಇನ್ನೊಂದು ವರ್ಣದ್ರವ್ಯದೊಡನೆ ಸೇರಿ ಶೇಕಡ 12.3ರ ದಕ್ಷತೆಯನ್ನು ನೀಡಿತು. 2014ರಲ್ಲಿ ಬೆಂಜೊಥಯಾಡೈಅಜೋಲ್ ಘಟಕವನ್ನು ಸೇರಿಸಿದ ಎಸ್‌ಎಂ315, ಆ ತೆರಪನ್ನು ಬಹುಮಟ್ಟಿಗೆ ತಾನೇ ತುಂಬಿಕೊಂಡು, ಒಂಟಿಯಾಗಿಯೇ ಶೇಕಡ 13ನ್ನು ಮುಟ್ಟಿತು.

ಹಾಗೆಂದು ಹೀರಿಕೆಯನ್ನು ಕೆಂಪಿನತ್ತ ಮಿತಿಯಿಲ್ಲದೆ ವಿಸ್ತರಿಸಲಾಗದು. ಉದ್ರಿಕ್ತ ಸ್ಥಿತಿಯ ಮಟ್ಟ ತೀರ ಇಳಿದರೆ ಇಲೆಕ್ಟ್ರಾನು ಟೈಟೇನಿಯಂ ಡೈಆಕ್ಸೈಡಿಗೆ ಧುಮುಕಲಾರದು. ಮೂಲ ಸ್ಥಿತಿಯ ಮಟ್ಟ ತೀರ ಏರಿದರೆ ಅಣು ತನ್ನ ನಷ್ಟವನ್ನು ತುಂಬಿಕೊಳ್ಳಲಾರದು. ಹೆಚ್ಚು ಬೆಳಕನ್ನು ಹೀರುವುದಷ್ಟೇ ಸಾಲದು. ಹೀರಿದುದನ್ನು ದಾಟಿಸುವ ಶಕ್ತಿಯನ್ನೂ ಅಣುವಿನಲ್ಲಿ ಉಳಿಸಬೇಕು. ಈ ಎರಡನ್ನೂ ಸಮತೂಗಿಸುವುದೇ ಈ ಕ್ಷೇತ್ರದ ಸಂಶೋಧಕನ ಮುಂದಿರುವ ಕೆಲಸ.