ಅಟ್ಟದ ಮೇಲಿನ ಫ್ಯಾಂಟಮ್‌ಗೆ ಎಂಥ ಅಂಗಿ?

ಬೇಸಿಗೆ ರಜೆಯಲ್ಲಿ ಅಜ್ಜನ ಮನೆಯ ಅಟ್ಟ ಹತ್ತುವ ಮಕ್ಕಳಿಗೆ ಒಮ್ಮೊಮ್ಮೆ ನಿಧಿಯೇ ಸಿಗುತ್ತದೆ. ತುಕ್ಕು ಹಿಡಿದ ಟ್ರಂಕಿನೊಳಗೆ ಅಪ್ಪ ಚಿಕ್ಕಂದಿನಲ್ಲಿ ಕೂಡಿಟ್ಟ ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರಕಥೆಗಳ ಕಟ್ಟು! ಆದರೆ ಕಟ್ಟು ಬಿಚ್ಚಿದಾಗ ಸಂತೋಷ ಅರ್ಧಕ್ಕರ್ಧ ಇಳಿದುಹೋಗುತ್ತದೆ. ಹಾಳೆಗಳು ಚಹಾ ಬಣ್ಣಕ್ಕೆ ತಿರುಗಿವೆ, ಮುಟ್ಟಿದರೆ ಅಂಚು ಹಪ್ಪಳದಂತೆ ಮುರಿಯುತ್ತದೆ. ಮುತುವರ್ಜಿಯಿಂದ ಹಾಕಿದ್ದ ಪ್ಲಾಸ್ಟಿಕ್ ಹೊದಿಕೆ ಮುಖಪುಟದ ಬಣ್ಣವನ್ನೇ ಕಿತ್ತುಕೊಂಡು ಅಂಟಿಕೊಂಡಿದೆ.

ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಶುರುವಾಗಿ 1990ರಲ್ಲಿ ನಿಂತಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಅಮರ ಚಿತ್ರಕಥೆ 1967ರಲ್ಲಿ ಆರಂಭವಾಯಿತು. ಅಂದಿನ ಪ್ರತಿಗಳು ಹಾಳಾದರೆ ಮತ್ತೆ ಸಿಗುವುದು ಸುಲಭವಲ್ಲ. ಹಾಗಾದರೆ ಅವನ್ನು ಕಾಯುವುದು ಹೇಗೆ?

ಶತ್ರು ಕಾಗದದೊಳಗೇ ಇದ್ದಾನೆ

ಅಗ್ಗದ ಕಾಮಿಕ್ಸ್‌ಗೆ ಬಳಸುತ್ತಿದ್ದುದು ಹೆಚ್ಚಾಗಿ ಮರವನ್ನು ಅರೆದು ಮಾಡಿದ ತಿರುಳಿನ ಕಾಗದ. ಇದರಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬೆಳಕು ಮತ್ತು ಗಾಳಿ ತಗುಲಿದಾಗ ಲಿಗ್ನಿನ್ ಹಳದಿಯಾಗುತ್ತದೆ. ಕಾಗದದಲ್ಲಿ ಆಮ್ಲ ಹುಟ್ಟಿ, ನಾರುಗಳನ್ನು ತುಂಡರಿಸುತ್ತ ಹೋಗುತ್ತದೆ. ಸೆಖೆ ಮತ್ತು ತೇವ ಈ ಕೆಲಸಕ್ಕೆ ವೇಗ ಕೊಡುತ್ತವೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ನೋಡಬಹುದು. ದಿನಪತ್ರಿಕೆಯ ಒಂದು ಹಾಳೆಯ ಅರ್ಧಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ ಬಿಸಿಲಿಗಿಡಿ. ಕೆಲವೇ ದಿನಗಳಲ್ಲಿ ಮುಚ್ಚದ ಭಾಗ ಹಳದಿಯಾಗಿರುತ್ತದೆ.

ಪ್ಲಾಸ್ಟಿಕ್ಕಿನಲ್ಲಿ ಒಳ್ಳೆಯದು, ಕೆಟ್ಟದ್ದು

ಪ್ಲಾಸ್ಟಿಕ್ಕುಗಳೆಲ್ಲ ಒಂದೇ ಅಲ್ಲ. ಮೊದಲು ದೂರವಿಡಬೇಕಾದದ್ದು ಪಿ.ವಿ.ಸಿ. ಇದನ್ನು ಮೆದುವಾಗಿಸಲು ಬೆರೆಸುವ ಎಣ್ಣೆಯಂಥ ರಾಸಾಯನಿಕಗಳು ಕಾಲಕ್ರಮೇಣ ಹೊರಬಂದು ಮುದ್ರಣದ ಶಾಯಿಗೆ ಅಂಟುತ್ತವೆ. ಪಿ.ವಿ.ಸಿ. ಹಳತಾದಂತೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿಡಬಲ್ಲದು. ಹೊಸ ರೇನ್‌ಕೋಟಿನಂಥ ಘಾಟು ವಾಸನೆ ಬರುವ ಮೆತ್ತನೆಯ ಹೊದಿಕೆ ಕಂಡರೆ ಬೇಡವೆನ್ನಿ.

ಪಾಲಿಥಿನ್ ಮತ್ತು ಪಾಲಿಪ್ರೊಪಿಲಿನ್ ಚೀಲಗಳು ಅಗ್ಗ, ನಿರಪಾಯಕಾರಿ. ಅಂಗಡಿಗಳಲ್ಲಿ ಹೊಸ ಷರ್ಟು, ಶುಭಾಶಯ ಪತ್ರಗಳಿಗೆ ಹಾಕಿಕೊಡುವ ಚರಪರ ಸದ್ದಿನ ಪಾರದರ್ಶಕ ಚೀಲ ಸಾಮಾನ್ಯವಾಗಿ ಪಾಲಿಪ್ರೊಪಿಲಿನ್. ಆದರೆ ಇವು ಶಾಶ್ವತವಲ್ಲ. ನಾಲ್ಕೈದು ವರ್ಷಕ್ಕೊಮ್ಮೆ, ಮಬ್ಬಾದರೆ ಅಥವಾ ಸುಕ್ಕಾದರೆ ಅದಕ್ಕೂ ಮೊದಲೇ ಬದಲಿಸಬೇಕು. ಚೀಲದ ಬಾಯಿಯಲ್ಲಿ ಅಂಟಿನ ಪಟ್ಟಿಯಿದ್ದರೆ ಅದನ್ನು ಕತ್ತರಿಸಿ ತೆಗೆಯಿರಿ. ಪುಸ್ತಕ ಹೊರಗೆಳೆಯುವಾಗ ಅದು ಮುಖಪುಟವನ್ನು ಹಿಡಿದುಕೊಂಡರೆ ಮುಗಿಯಿತು!

ಎಲ್ಲಕ್ಕಿಂತ ಉತ್ತಮವಾದದ್ದು ಪಾಲಿಯೆಸ್ಟರ್ ಹಾಳೆ. ಸಂಗ್ರಾಹಕರ ಬಾಯಲ್ಲಿ ಇದು ‘ಮೈಲಾರ್’. ಗಾಜಿನಂತೆ ತಿಳಿ, ಗಡಸು. ದಶಕಗಳು ಕಳೆದರೂ ಏನನ್ನೂ ಉಗುಳುವುದಿಲ್ಲ. 50 ಮೈಕ್ರಾನ್ ದಪ್ಪದ್ದು ಸಾಮಾನ್ಯ ಪ್ರತಿಗೆ ಸಾಕು, ತೀರಾ ಅಪರೂಪದ ಪ್ರತಿಗೆ 100 ಮೈಕ್ರಾನ್ ಇರಲಿ. ಬೆಲೆ ಮಾತ್ರ ದುಬಾರಿ. ಆದ್ದರಿಂದ ನೂರು ಪುಸ್ತಕಗಳಿದ್ದರೆ ಅಮೂಲ್ಯವಾದ ಹತ್ತಕ್ಕೆ ಪಾಲಿಯೆಸ್ಟರ್, ಉಳಿದ ತೊಂಬತ್ತಕ್ಕೆ ಪಾಲಿಪ್ರೊಪಿಲಿನ್ ಎನ್ನುವುದು ಮಧ್ಯಮ ವರ್ಗದ ಮನೆಗೆ ಹೊಂದುವ ಲೆಕ್ಕ.

ಚೀಲ ಯಾವುದರದೆಂದು ತಿಳಿಯದಿದ್ದರೆ ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ, ಗಾಳಿಗುಳ್ಳೆ ಹೋಗುವಂತೆ ಒತ್ತಿಬಿಡಿ. ಪಾಲಿಥಿನ್, ಪಾಲಿಪ್ರೊಪಿಲಿನ್ ನೀರಿಗಿಂತ ಹಗುರ, ತೇಲುತ್ತವೆ. ಪಿ.ವಿ.ಸಿ. ಮತ್ತು ಪಾಲಿಯೆಸ್ಟರ್ ಮುಳುಗುತ್ತವೆ. ಮುಳುಗಿದ್ದು ಮೆತ್ತಗಿದ್ದು ವಾಸನೆ ಬಂದರೆ ಅದು ಪಿ.ವಿ.ಸಿ. ಎಂದೇ ಅನುಮಾನಿಸಿ.

ಬೆನ್ನಿಗೊಂದು ರಟ್ಟು

ಚೀಲದೊಳಗೆ ಪುಸ್ತಕ ಬಾಗದಂತೆ ಬೆನ್ನಿಗೊಂದು ರಟ್ಟು ಬೇಕು. ಮಿಠಾಯಿ ಡಬ್ಬಿಯ, ಷರ್ಟಿನೊಳಗಿನ ರಟ್ಟು ಸಲ್ಲದು. ಅದರ ಆಮ್ಲ ಹಿಂಬದಿಯ ಪುಟಕ್ಕೆ ಇಳಿಯುತ್ತದೆ. ಆಮ್ಲರಹಿತ ರಟ್ಟನ್ನೇ ಕೇಳಿ ಕೊಳ್ಳಬೇಕು. ಇದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ್ದರೆ ಇನ್ನೂ ಒಳ್ಳೆಯದು. ಹುಳಿತೇಗಿಗೆ ಔಷಧಿ ಕೊಟ್ಟಂತೆ, ಅದು ಕಾಗದದಿಂದ ಹೊರಡುವ ಆಮ್ಲವನ್ನು ತಣಿಸುತ್ತದೆ. ಕೆಲವು ರಟ್ಟುಗಳಲ್ಲಿ ಈ ಲೇಪ ಒಂದೇ ಬದಿಗೆ ಇರುತ್ತದೆ. ಆ ನುಣುಪು ಬದಿ ಪುಸ್ತಕದ ಕಡೆಗಿರಲಿ.

ಇಡುವ ಜಾಗವೂ ಮುಖ್ಯ

ಅಮೆರಿಕದ ಕೊಲರಾಡೋ ರಾಜ್ಯದ ಎಡ್ಗರ್ ಚರ್ಚ್ ಎಂಬವರ ಮನೆಯಲ್ಲಿ 1977ರಲ್ಲಿ ಸಾವಿರಾರು ಹಳೆಯ ಕಾಮಿಕ್ಸ್ ಸಿಕ್ಕವು. ವಿಶೇಷ ಚೀಲಗಳಿಲ್ಲದಿದ್ದರೂ ಬಹುಪಾಲು ಹೊಸತರಂತೆಯೇ ಇದ್ದವು. ಕಾರಣ ಅಲ್ಲಿನ ತಂಪು, ಒಣಹವೆ, ಕತ್ತಲೆ ಮತ್ತು ಬಿಗಿಯಾಗಿ ಪೇರಿಸಿಟ್ಟ ರೀತಿ.

ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಆ ಭಾಗ್ಯವಿಲ್ಲ. ಗಾಳಿಯ ತೇವಾಂಶ ಶೇ. 65 ದಾಟಿದರೆ ಬೂಷ್ಟು ಬರುವ ಭಯ. ಆದ್ದರಿಂದ ಪುಸ್ತಕಗಳನ್ನು ಒಣಹವೆಯ ದಿನವೇ ಚೀಲಕ್ಕೆ ಹಾಕಿ. ಹಂಚಿನ ಕೆಳಗೆ ಕಾಯುವ ಅಟ್ಟ, ಬಚ್ಚಲಿನ ಗೋಡೆಗೆ ತಾಗಿದ ಕಪಾಟು ಎರಡೂ ಬೇಡ. ನೆಲದಿಂದ ಮೇಲೆ, ಒಳಕೋಣೆಯ ಉಕ್ಕಿನ ಬೀರು ಒಳ್ಳೆಯ ಜಾಗ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಬಹುದು, ಆದರೆ ಪುಟ್ಟ ಮಕ್ಕಳ ಕೈಗೆ ಸಿಗಬಾರದು. ಜಿರಳೆ, ಸಿಲ್ವರ್‌ಫಿಶ್ ಹುಳುಗಳ ಕಾಟ ಇದೆಯೇ ಎಂದು ತಿಂಗಳಿಗೊಮ್ಮೆ ನೋಡಿ.

ಪ್ರೀತಿಯಿಂದ ಮಾಡುವ ತಪ್ಪುಗಳೂ ಇವೆ. ಹರಿದ ಪುಟಕ್ಕೆ ಸೆಲೋಟೇಪು ಹಚ್ಚಿದರೆ ಅದರ ಗೋಂದು ಕಂದಿ ಕಲೆಯಾಗುತ್ತದೆ. ರಬ್ಬರ್ ಬ್ಯಾಂಡ್ ಅಂಚನ್ನು ಕೊಯ್ಯುತ್ತದೆ, ಹಳತಾದರೆ ಕರಗಿ ಅಂಟುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಬಿಸಿ ಮಾಡಿ ಅಂಟಿಸಿದ್ದನ್ನು ಮತ್ತೆ ಬಿಡಿಸಲಾಗದು.

ರದ್ದಿಯೋ, ಆಸ್ತಿಯೋ?

ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಬೆಲೆ 1938ರಲ್ಲಿ 10 ಸೆಂಟ್. ಚೊಕ್ಕಟವಾಗಿ ಉಳಿದಿದ್ದ ಅದರ ಒಂದು ಪ್ರತಿ 2014ರಲ್ಲಿ 32 ಲಕ್ಷ ಡಾಲರಿಗೆ ಮಾರಾಟವಾಯಿತು. ಇದನ್ನು ಓದಿ ಟ್ರಂಕಿನಲ್ಲಿ ಕೋಟಿ ರೂಪಾಯಿ ಇದೆಯೆಂದು ಕನಸು ಕಾಣಬೇಕಿಲ್ಲ. ಹೆಚ್ಚಿನ ಹಳೆಯ ಕಾಮಿಕ್ಸ್‌ಗೆ ಅಂಥ ಬೆಲೆ ಬರುವುದಿಲ್ಲ. ಆದರೆ ಬೆಲೆ ಬರುವುದಿದ್ದರೂ ಅದು ಚೆನ್ನಾಗಿ ಉಳಿದ ಪ್ರತಿಗೇ.

ಹಣದ ಮಾತು ಹಾಗಿರಲಿ. ಅಪ್ಪ ಹತ್ತು ವರ್ಷದವನಿದ್ದಾಗ ಹೆಸರು ಬರೆದಿಟ್ಟ ಪುಸ್ತಕವನ್ನು ಮಗಳು ತನ್ನ ಹತ್ತನೇ ವಯಸ್ಸಿನಲ್ಲಿ ಓದುವ ಸುಖಕ್ಕೆ ಯಾವ ಹರಾಜಿನಲ್ಲೂ ಬೆಲೆ ಕಟ್ಟಲಾಗದು. ಹಾಗೆಂದೇ ಪುಸ್ತಕಗಳನ್ನು ಬೀರುವಿನಲ್ಲಿ ಬಂಧಿಸಿಟ್ಟು ಮಕ್ಕಳನ್ನು ಗದರಿಸುವುದು ಸರಿಯಲ್ಲ. ಕೈ ತೊಳೆದು, ಒರೆಸಿಕೊಂಡು, ಮೇಜಿನ ಮೇಲಿಟ್ಟು ಓದಲು ಕಲಿಸಿದರೆ ಸಾಕು. ಓದಿದ ಮೇಲೆ ಚೀಲಕ್ಕೆ ಹಾಕಿಡುವ ಕೆಲಸವನ್ನೂ ಮಕ್ಕಳಿಗೇ ವಹಿಸಿ. ಮುಂದೊಂದು ದಿನ ಆ ಟ್ರಂಕು ತೆರೆಯುವವರು ಅವರ ಮಕ್ಕಳಲ್ಲವೇ?