ಹಿತ್ತಲ ಕೋಳಿ ಉಳಿಯಬೇಕಾದರೆ ನೆರೆಮನೆಯೂ ಕೈಜೋಡಿಸಬೇಕು

ಕರಾವಳಿಯ ನಮ್ಮ ಊರುಗಳಲ್ಲಿ ಮನೆಯ ಹಿತ್ತಲಲ್ಲಿ ನಾಲ್ಕಾರು ಊರಕೋಳಿ ಸಾಕುವುದು ಹೊಸ ವಿಷಯವೇನಲ್ಲ. ಮಕ್ಕಳಿಗೆ ಮೊಟ್ಟೆ, ಹಬ್ಬಕ್ಕೊಂದು ಹುಂಜ, ತುರ್ತಿಗೆ ಒಂದಿಷ್ಟು ಹಣ. ಈ ಹಣ ಹೆಚ್ಚಿನ ಮನೆಗಳಲ್ಲಿ ನೇರವಾಗಿ ಗೃಹಿಣಿಯ ಕೈಗೇ ಬರುತ್ತದೆ. ಆದರೆ ಸ್ವಸಹಾಯ ಸಂಘದಿಂದ ಸಾಲ ಪಡೆದು ಉತ್ಸಾಹದಿಂದ ಕೋಳಿ ಸಾಕಲು ಹೊರಟವರಲ್ಲಿ ಹಲವರು ಎರಡು ವರ್ಷದೊಳಗೆ ಗೂಡು ಖಾಲಿ ಮಾಡುತ್ತಾರೆ. "ನಮ್ಮಲ್ಲಿ ಕೋಳಿ ನಿಲ್ಲುವುದಿಲ್ಲ" ಎನ್ನುವುದು ಅವರ ಮಾತು.

ಕೋಳಿ ನಿಲ್ಲದಿರಲು ಮುಖ್ಯವಾಗಿ ಎರಡು ಕಾರಣಗಳಿವೆ. ಒಂದು, ಮರಿಗಳು ಸಾಯುತ್ತವೆ. ಇನ್ನೊಂದು, ವರ್ಷದಿಂದ ವರ್ಷಕ್ಕೆ ಸಂತತಿ ದುರ್ಬಲವಾಗುತ್ತದೆ. ಇವೆರಡಕ್ಕೂ ಪರಿಹಾರವಿದೆ. ಆದರೆ ಒಂದೇ ಮನೆಯವರು ಒಂಟಿಯಾಗಿ ಮಾಡುವಂಥದ್ದಲ್ಲ.

ಲೆಕ್ಕ ತಪ್ಪುವುದೆಲ್ಲಿ?

ಊರಕೋಳಿಯ ಹೇಂಟೆ ವರ್ಷಕ್ಕೆ ಮೂರು ನಾಲ್ಕು ಸಲ ಮೊಟ್ಟೆಗೆ ಬರುತ್ತದೆ. ಒಂದೊಂದು ಸಲಕ್ಕೆ 12ರಿಂದ 15, ವರ್ಷಕ್ಕೆ ಸುಮಾರು 50ರಿಂದ 60 ಮೊಟ್ಟೆ. ಕಾವಿಗೆ ಇಟ್ಟರೆ ಹೆಚ್ಚಿನವು ಮರಿಯಾಗುತ್ತವೆ. ಹತ್ತು ಮರಿ ಹೊರಬಂದಾಗ ಮನೆಯವರಿಗೆಲ್ಲ ಸಂತೋಷ. ಎರಡು ತಿಂಗಳು ಕಳೆದು ಎಣಿಸಿದರೆ ಮೂರೋ ನಾಲ್ಕೋ ಉಳಿದಿರುತ್ತವೆ. ಉಳಿದವನ್ನು ಹದ್ದು, ಕಾಗೆ, ಮುಂಗುಸಿ, ಚಳಿ, ಮಳೆ, ರೋಗ ಹಂಚಿಕೊಂಡಿರುತ್ತವೆ. ಮೂರರ ಬದಲು ಆರು ಮರಿ ಉಳಿದರೆ ಒಂದು ಹೇಂಟೆಯನ್ನೂ ಹೆಚ್ಚು ಸಾಕದೆ ಆದಾಯ ಇಮ್ಮಡಿಯಾಗುತ್ತದೆ.

ಯಾವ ತಳಿ?

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಅಭಿವೃದ್ಧಿಪಡಿಸಿದ 'ಗಿರಿರಾಜ', 2005ರಲ್ಲಿ ಬಿಡುಗಡೆಯಾದ 'ಸ್ವರ್ಣಧಾರ', ಹೈದರಾಬಾದಿನಿಂದ ಬಂದ 'ವನರಾಜ', ಇವೆಲ್ಲ ಹಿತ್ತಲಲ್ಲಿ ಸಾಕಲೆಂದೇ ರೂಪಿಸಿದ ತಳಿಗಳು. ಊರಕೋಳಿಗಿಂತ ಎರಡು ಪಟ್ಟಿಗೂ ಹೆಚ್ಚು ಮೊಟ್ಟೆ ಇಡುತ್ತವೆ, ಬೇಗ ತೂಕ ಬರುತ್ತವೆ. ಆದರೆ ಒಂದು ವಿಷಯ ನೆನಪಿಡಬೇಕು. ಇವುಗಳ ಮೊಟ್ಟೆಯಿಂದ ನಾವೇ ಮರಿ ಮಾಡಿದರೆ ತಾಯಿ ತಂದೆಯ ಗುಣ ಪೂರ್ತಿಯಾಗಿ ಮರಿಗೆ ಬರುವುದಿಲ್ಲ. ಇವು ಕಾವು ಕೂರುವುದೂ ಅಪರೂಪ. ಆದ್ದರಿಂದ ಪ್ರತಿ ಸಲವೂ ಹೊಸ ಮರಿ ಖರೀದಿಸಬೇಕು. ಮೊಟ್ಟೆಯೇ ಉದ್ದೇಶವಾದರೆ ಇವನ್ನು ಸಾಕಬಹುದು. ಮನೆಯಲ್ಲೇ ಮರಿಯಾಗಿ, ಮನೆಯಲ್ಲೇ ಬೆಳೆದು ಮುಂದುವರಿಯುವ ಬಳಗ ಬೇಕಾದರೆ ಊರಕೋಳಿಯೇ ಸರಿ. ಮುಂದಿನ ವಿವರಗಳು ಹೆಚ್ಚಾಗಿ ಊರಕೋಳಿಗೆ ಸಂಬಂಧಿಸಿದವು.

ಹುಂಜದ ಆಯ್ಕೆ, ಹುಂಜದ ವಿನಿಮಯ

ಎಂಟರಿಂದ ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಆದರೆ ಯಾವ ಹುಂಜ? ಸಾಮಾನ್ಯವಾಗಿ ನಡೆಯುವುದೇನೆಂದರೆ, ಚೆನ್ನಾಗಿ ಬೆಳೆದ ಹುಂಜಕ್ಕೆ ಒಳ್ಳೆಯ ಬೆಲೆ ಬರುತ್ತದೆಂದು ಅದನ್ನೇ ಮೊದಲು ಮಾರುತ್ತೇವೆ, ಇಲ್ಲವೇ ಹಬ್ಬದ ಅಡುಗೆಗೆ ಕೊಯ್ಯುತ್ತೇವೆ. ಯಾರಿಗೂ ಬೇಡವಾದ ಸಣಕಲು ಹುಂಜ ಹಿತ್ತಲಲ್ಲಿ ಉಳಿದು ಮುಂದಿನ ಮರಿಗಳಿಗೆಲ್ಲ ತಂದೆಯಾಗುತ್ತದೆ! ಹೀಗೆ ನಾಲ್ಕು ವರ್ಷ ನಡೆದರೆ ಬಳಗ ಕುಗ್ಗದೆ ಇರುತ್ತದೆಯೇ?

ಹೆಚ್ಚು ಮರಿಗಳನ್ನು ಎರಡು ತಿಂಗಳವರೆಗೆ ಉಳಿಸಿಕೊಂಡ ತಾಯಿ ಯಾವುದೆಂದು ಗಮನಿಸಿ ಅದರ ಕಾಲಿಗೆ ಬಣ್ಣದ ದಾರ ಕಟ್ಟಿ. ದಾರ ಬಿಗಿಯಾಗದಂತೆ ಆಗಾಗ ನೋಡಿಕೊಳ್ಳಿ. ಆ ತಾಯಿಯ ಮರಿಗಳಲ್ಲಿ ಚುರುಕಾದ, ಕಾಲು ನೆಟ್ಟಗಿರುವ ಹುಂಜವನ್ನು ತಳಿಗೆಂದು ಉಳಿಸಿ. ಆದರೆ ಅದು ನಿಮ್ಮ ಹಿತ್ತಲಿಗಲ್ಲ. ಒಂದೇ ಹುಂಜವನ್ನು ವರ್ಷಗಟ್ಟಲೆ ಇಟ್ಟುಕೊಂಡರೆ ಅದು ತನ್ನ ಮಕ್ಕಳನ್ನೇ ಕೂಡುತ್ತದೆ. ಆಗ ಮೊಟ್ಟೆಯೊಳಗೇ ಸಾಯುವ ಮರಿಗಳು, ಹುಟ್ಟಿದರೂ ಬಲವಿಲ್ಲದ ಮರಿಗಳು ಹೆಚ್ಚುತ್ತವೆ.

ಇದಕ್ಕೆ ಸುಲಭ ಉಪಾಯವಿದೆ. ನಾಲ್ಕೈದು ಮನೆಯವರು ಸೇರಿ ವರ್ಷಕ್ಕೊಮ್ಮೆ ಹುಂಜ ಬದಲಿಸಿಕೊಳ್ಳಬೇಕು. ಮೊದಲ ಮನೆಯಲ್ಲಿ ಹುಟ್ಟಿದ ಎಳೆ ಹುಂಜ ಎರಡನೆಯ ಮನೆಗೆ, ಎರಡನೆಯದರದ್ದು ಮೂರನೆಯದಕ್ಕೆ, ಕೊನೆಯ ಮನೆಯದ್ದು ಮೊದಲನೆಯದಕ್ಕೆ. ಪ್ರತಿ ವರ್ಷವೂ ಇದೇ ಕ್ರಮ. ಹಳೆಯ ಹುಂಜವನ್ನು ಮಾರಬಹುದು. ಹೇಂಟೆಗಳು ಆಯಾ ಮನೆಯಲ್ಲೇ ಇರಲಿ. ಬೇಲಿ ದಾಟಿ ಒಟ್ಟಿಗೆ ಮೇಯುವ ಕೋಳಿಗಳು ಆಗಲೇ ಒಂದೇ ಬಳಗದವು. ಆದ್ದರಿಂದ ಈ ವಿನಿಮಯಕ್ಕೆ ಸ್ವಲ್ಪ ದೂರದ ಮನೆಗಳನ್ನು ಆರಿಸಿಕೊಳ್ಳಬೇಕು.

ಹೊಸ ಹುಂಜವನ್ನು ತಂದ ದಿನವೇ ಉಳಿದವುಗಳೊಂದಿಗೆ ಬಿಡಬೇಡಿ. ಎರಡು ಮೂರು ವಾರ ಬೇರೆ ಕಡೆ ಇಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹಳೆಯ ಹುಂಜವನ್ನು ತೆಗೆದ ಮೇಲೂ ಅದರ ಪರಿಣಾಮ ಹೇಂಟೆಯ ಮೊಟ್ಟೆಗಳಲ್ಲಿ ಎರಡು ವಾರದ ತನಕ ಇರಬಹುದು. ಹೊಸ ಹುಂಜವನ್ನು ಹೇಂಟೆಗಳ ಜೊತೆ ಬಿಟ್ಟು ಮೂರು ವಾರದ ನಂತರದ ಮೊಟ್ಟೆಗಳನ್ನೇ ಕಾವಿಗೆ ಆರಿಸಿ.

ಕಾವಿಗೆ ಇಡುವಾಗ

ತೀರಾ ದೊಡ್ಡದು, ತೀರಾ ಸಣ್ಣದು, ಬಿರುಕು ಬಿಟ್ಟದ್ದು ಬೇಡ. ಮೊಟ್ಟೆಯನ್ನು ತೊಳೆಯಬಾರದು, ಫ್ರಿಜ್‌ನಲ್ಲಿ ಇಡಬಾರದು. ಚೂಪು ತುದಿ ಕೆಳಗಾಗಿ ತಂಪು ಜಾಗದಲ್ಲಿ ಇಟ್ಟು ಒಂದು ವಾರದೊಳಗೆ ಕಾವಿಗೆ ಹಾಕಬೇಕು. ಒಂದು ಕೋಳಿಗೆ 10ರಿಂದ 12 ಮೊಟ್ಟೆ ಸಾಕು. ಏಳನೆಯ ದಿನ ರಾತ್ರಿ ಕತ್ತಲಲ್ಲಿ ಟಾರ್ಚ್ ಬೆಳಕಿಗೆ ಹಿಡಿದು ನೋಡಿ. ಒಳಗೆ ಜೇಡರ ಬಲೆಯಂತೆ ರಕ್ತನಾಳಗಳು ಕಂಡರೆ ಮರಿಯಿದೆ, ಏನೂ ಕಾಣದಿದ್ದರೆ ತೆಗೆದುಬಿಡಿ. ಮರಿ ಹೊರಬರಲು 21 ದಿನ ಬೇಕು. ಎರಡು ಕೋಳಿಗಳನ್ನು ಒಂದೇ ದಿನ ಕಾವಿಗೆ ಕೂರಿಸಿದರೆ ಮರಿಗಳನ್ನೆಲ್ಲ ರಾತ್ರಿ ಹೊತ್ತು ಒಂದೇ ತಾಯಿಯ ಅಡಿಗೆ ಸೇರಿಸಬಹುದು. ಇನ್ನೊಂದು ಬೇಗನೆ ಮತ್ತೆ ಮೊಟ್ಟೆಗೆ ಬರುತ್ತದೆ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಎಳೆ ಮರಿಗಳಿಗೆ ಒಗ್ಗುವುದಿಲ್ಲ. ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಕಾವಿಗೆ ಇಡುವುದು ಒಳ್ಳೆಯದು.

ಮೊದಲ ಎಂಟು ವಾರ

ಮರಿಗಳನ್ನು ಹುಟ್ಟಿದ ದಿನವೇ ತಾಯಿಯ ಹಿಂದೆ ಗುಡ್ಡೆಗೆ ಬಿಡುವುದೇ ಹೆಚ್ಚಿನ ನಷ್ಟಕ್ಕೆ ಕಾರಣ. ಕನಿಷ್ಠ ಮೂರು ವಾರ ತಾಯಿ ಮರಿಗಳನ್ನು ಬಿದಿರಿನ ಬುಟ್ಟಿಯಡಿಯಲ್ಲೋ ಬಲೆ ಹಾಕಿದ ಸಣ್ಣ ಗೂಡಿನಲ್ಲೋ ಇಡಿ. ಈ ಅವಧಿಯಲ್ಲಿ ನುಚ್ಚು ಮಾತ್ರ ಸಾಲದು, ಮರಿ ಆಹಾರ ಕೊಡಿ. ಗೆದ್ದಲು ಸಿಕ್ಕಿದರೆ ಬಹಳ ಒಳ್ಳೆಯದು. ನೀರಿನ ಪಾತ್ರೆ ಆಳವಿಲ್ಲದ್ದಾಗಿರಲಿ.

ತಾಯಿಯಿಲ್ಲದೆ ಖರೀದಿಸಿ ತಂದ ಮರಿಗಳಿಗೆ ಬಲ್ಬಿನ ಕಾವು ಬೇಕು. ಮರಿಗಳೆಲ್ಲ ಬಲ್ಬಿನಡಿ ಗುಂಪುಗೂಡಿದರೆ ಚಳಿಯಾಗಿದೆ, ದೂರ ಸರಿದು ಬಾಯಿ ತೆರೆದರೆ ಸೆಕೆಯಾಗಿದೆ ಎಂದರ್ಥ. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾದರೆ ಕೂಡಲೇ ಬದಲಿಸಿ. ಒದ್ದೆ ಹಾಸಿನಿಂದಲೇ ರಕ್ತಭೇದಿ ಹರಡುತ್ತದೆ.

ಒಂದು ಸೀಸೆ ಲಸಿಕೆ, ಹತ್ತು ಮನೆ

ಊರಿನ ಕೋಳಿಗಳನ್ನು ಒಂದೇ ವಾರದಲ್ಲಿ ನಾಶಮಾಡುವ ರೋಗ ಕೊಕ್ಕರೆ ರೋಗ, ಅಂದರೆ ರಾಣಿಕೇತ್. ಹಸಿರು ಮಿಶ್ರಿತ ಬಿಳಿ ಭೇದಿ, ಏದುಸಿರು, ಕತ್ತು ತಿರುಚುವುದು, ಕಾಲು ಸೋಲುವುದು ಇದರ ಲಕ್ಷಣಗಳು. ಬಂದ ಮೇಲೆ ಔಷಧಿಯಿಲ್ಲ. ಬಾರದಂತೆ ಲಸಿಕೆಯಿದೆ.

* 5ರಿಂದ 7ನೆಯ ದಿನ: ಎಫ್ ಅಥವಾ ಲಸೋಟಾ ಲಸಿಕೆ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ.
* 4ನೆಯ ವಾರ: ಲಸೋಟಾ ಮತ್ತೊಮ್ಮೆ.
* 6ರಿಂದ 7ನೆಯ ವಾರ: ಕೋಳಿ ಸಿಡುಬಿನ ಲಸಿಕೆ.
* 8ರಿಂದ 10ನೆಯ ವಾರ: ಆರ್2ಬಿ ಚುಚ್ಚುಮದ್ದು. ಆಮೇಲೆ ಪಶುವೈದ್ಯರ ಸಲಹೆಯಂತೆ ಮತ್ತೆ ಕೊಡಿಸಬೇಕು.

ಇಷ್ಟು ಗೊತ್ತಿದ್ದರೂ ಹೆಚ್ಚಿನವರು ಲಸಿಕೆ ಹಾಕಿಸುವುದಿಲ್ಲ. ಕಾರಣ ಸರಳ. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗೆ ಆಗುವಷ್ಟಿರುತ್ತದೆ. ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯಿರುವ ಮನೆಯವರು ಉಳಿದ ತೊಂಬತ್ತು ಪಾಲನ್ನು ಏನು ಮಾಡುವುದು? ಹಾಗಾಗಿ ಯಾರೂ ತರುವುದಿಲ್ಲ, ರೋಗ ಬಂದಾಗ ಎಲ್ಲರ ಕೋಳಿಯೂ ಸಾಯುತ್ತದೆ.

ಹತ್ತು ಮನೆಯವರು ಒಂದು ದಿನ ಗೊತ್ತುಮಾಡಿದರೆ ಈ ತೊಂದರೆಯಿಲ್ಲ. ಇದಕ್ಕೆ ಅಕ್ಕಪಕ್ಕದ ಮನೆಗಳೇ ಬೇಕು, ಏಕೆಂದರೆ ಜೊತೆಗೆ ಮೇಯುವ ಕೋಳಿಗಳೇ ಒಂದಕ್ಕೊಂದು ರೋಗ ಅಂಟಿಸುತ್ತವೆ. ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ, ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿ ಲಸಿಕೆ ತನ್ನಿ. ಕೋಳಿಗಳನ್ನು ಗೂಡಿನಿಂದ ಬಿಡುವ ಮುಂಚೆ, ಬೆಳಿಗ್ಗೆಯೇ ಹಾಕಿ ಮುಗಿಸಿ. ಅದಕ್ಕೆ ಒಂದು ವಾರ ಮೊದಲು ಜಂತುಹುಳದ ಔಷಧಿ ಕೊಟ್ಟಿದ್ದರೆ ಉತ್ತಮ. ಈಗಾಗಲೇ ಕಾಯಿಲೆ ಬಿದ್ದ ಕೋಳಿಗೆ ಲಸಿಕೆ ಹಾಕಬಾರದು.

ಸತ್ತ ಕೋಳಿಯನ್ನು ತೋಡಿಗೆ ಎಸೆಯಬೇಡಿ. ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ರೋಗ ಬಂತೆಂದು ಅವಸರದಲ್ಲಿ ಸಂತೆಗೆ ಒಯ್ದು ಮಾರುವುದು ಇನ್ನೊಬ್ಬರ ಗೂಡಿಗೆ ಬೆಂಕಿ ಇಟ್ಟಂತೆ. ಒಮ್ಮೆಲೇ ಹಲವು ಕೋಳಿಗಳು ಸತ್ತರೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕಾಣಿಸಿಕೊಂಡ ಹಕ್ಕಿಜ್ವರ ಆ ಬಳಿಕ ಹಲವು ರಾಜ್ಯಗಳಲ್ಲಿ ಮತ್ತೆ ಮತ್ತೆ ಬಂದಿದೆ.

ಗೂಡು ಮತ್ತು ಮೇವು

ರಾತ್ರಿ ಒಂದು ಕೋಳಿಗೆ ಒಂದರಿಂದ ಒಂದೂವರೆ ಚದರ ಅಡಿ ಜಾಗ ಬೇಕು. ನೆಲದಿಂದ ಎರಡಡಿ ಎತ್ತರದಲ್ಲಿ ಅಡಿಕೆ ಮರದ ದಬ್ಬೆಗಳನ್ನು ಸಂದು ಬಿಟ್ಟು ಜೋಡಿಸಿದರೆ ಹಿಕ್ಕೆ ಕೆಳಗೆ ಬೀಳುತ್ತದೆ, ತೇವ ನಿಲ್ಲುವುದಿಲ್ಲ, ತೆಂಗಿನ ಬುಡಕ್ಕೆ ಗೊಬ್ಬರವೂ ಆಯಿತು. ಬಾಗಿಲು ಭದ್ರವಾಗಿರಲಿ.

ಹಗಲು ಹಿತ್ತಲಲ್ಲಿ ಕೆದಕಿ ತಿಂದರೂ ಸಂಜೆ ಗೂಡಿಗೆ ಬರುವಾಗ ಒಂದು ಹಿಡಿ ನುಚ್ಚು, ತೌಡು ಕೊಡಿ. ಉಪ್ಪು ಹಾಕದ ಮೀನಿನ ತುಣುಕುಗಳನ್ನು ಬೇಯಿಸಿ ಹಾಕಬಹುದು. ಕಪ್ಪೆಚಿಪ್ಪನ್ನು ಪುಡಿಮಾಡಿ ಇಟ್ಟರೆ ಮೊಟ್ಟೆಯ ಸಿಪ್ಪೆ ಗಟ್ಟಿಯಾಗುತ್ತದೆ. ಬೂಷ್ಟು ಹಿಡಿದ ಹಿಂಡಿಯನ್ನು ಮಾತ್ರ ಎಂದೂ ಹಾಕಬೇಡಿ, ಅದು ವಿಷ.

ಎಲ್ಲಿಂದ ಆರಂಭ?

ಮುಂದಿನ ಸಂಘದ ಸಭೆಯಲ್ಲಿ ಎರಡೇ ವಿಷಯ ಮಾತಾಡಿದರೆ ಸಾಕು. ಯಾರ ಮನೆಯಲ್ಲಿ ಎಷ್ಟು ಕೋಳಿಗಳಿವೆ, ಲಸಿಕೆಗೆ ಯಾವ ದಿನ ಎಂದು ಪುಸ್ತಕದಲ್ಲಿ ಬರೆದಿಡಿ. ಯಾರ ಹುಂಜ ಯಾರ ಮನೆಗೆ ಎನ್ನುವುದನ್ನೂ ಅದರಲ್ಲೇ ಬರೆಯಿರಿ. ಇದಕ್ಕೆ ಹೊಸ ಸಾಲ ಬೇಕಿಲ್ಲ. ಬೇಕಾದುದು ನೆರೆಯವರ ಜೊತೆ ಒಂದು ಒಪ್ಪಂದ, ವರ್ಷದಲ್ಲಿ ಕೆಲವು ಬೆಳಗಿನ ಹೊತ್ತು ಮಾತ್ರ.