ವಿಪತ್ತು ಕಾಲದ ಸಾರ್ವಜನಿಕ ಆರೋಗ್ಯ ಶಿಕ್ಷಣ: ಗ್ರಾಮ ಪಂಚಾಯಿತಿ ತಿಳಿದಿರಬೇಕಾದ ಸಂಗತಿಗಳು



ನೆರೆ ಬಂದು ಊರಿನ ಜನರನ್ನು ಶಾಲೆಗೋ ಸಮುದಾಯ ಭವನಕ್ಕೋ ಸ್ಥಳಾಂತರಿಸಿದ ಮೇಲೆ ತಾಲ್ಲೂಕಿನಿಂದ ಆರೋಗ್ಯ ಇಲಾಖೆಯ ತಂಡ ಬರುತ್ತದೆ. ಆ ತಂಡದಲ್ಲಿ ವಿಪತ್ತು ಕಾಲದ ಸಾರ್ವಜನಿಕ ಆರೋಗ್ಯವನ್ನು ಓದಿದವರೊಬ್ಬರಿದ್ದರೆ ಅವರು ಮೊದಲು ಔಷಧದ ಪೆಟ್ಟಿಗೆಯನ್ನು ತೆರೆಯುವುದಿಲ್ಲ. ಇಲ್ಲಿ ಎಷ್ಟು ಮಂದಿ ಇದ್ದಾರೆ, ಐದು ವರ್ಷದೊಳಗಿನ ಮಕ್ಕಳೆಷ್ಟು, ಗರ್ಭಿಣಿಯರೆಷ್ಟು, ಕುಡಿಯುವ ನೀರು ಎಲ್ಲಿಂದ ಬರುತ್ತಿದೆ, ನಿನ್ನೆಯಿಂದ ಎಷ್ಟು ಜನರಿಗೆ ಭೇದಿಯಾಗಿದೆ ಎಂದು ಕೇಳುತ್ತಾರೆ. ಜನ ಕಷ್ಟದಲ್ಲಿರುವಾಗ ಲೆಕ್ಕ ಕೇಳುತ್ತಾರಲ್ಲ ಎಂದು ನಮ್ಮವರಿಗೆ ಬೇಸರವಾಗುವುದುಂಟು. ಆ ಪ್ರಶ್ನೆಗಳು ಎಲ್ಲಿಂದ ಬಂದವು, ಅವುಗಳಿಗೆ ಉತ್ತರ ಪಂಚಾಯಿತಿಯ ಬಳಿಯೇ ಏಕೆ ಇರಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯಲ್ಲಿ ವಿಪತ್ತು ನಿರ್ವಹಣೆ ಹಾಗೂ ಮಾನವೀಯ ಪರಿಹಾರ ಈಗ ಪ್ರತ್ಯೇಕ ಅಧ್ಯಯನ ಶಾಖೆಯಾಗಿ ಬೆಳೆದಿದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಇದನ್ನು ದಶಕಗಳಿಂದ ಕಲಿಸಲಾಗುತ್ತಿದೆ. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು ವಿಪತ್ತು ನಿರ್ವಹಣೆಯ ಸ್ನಾತಕೋತ್ತರ ಶಿಕ್ಷಣ ನೀಡುತ್ತದೆ. ರೋಗ ಹರಡುವ ಬಗೆಯ ಅಧ್ಯಯನ, ತ್ವರಿತ ಸಮೀಕ್ಷೆ, ನೀರು ಮತ್ತು ನೈರ್ಮಲ್ಯ, ಪೋಷಣೆ, ಸಾಮಗ್ರಿ ಸಾಗಣೆ, ಮಾನಸಿಕ ಆರೋಗ್ಯ ಇವು ಈ ಶಿಕ್ಷಣದ ಮುಖ್ಯ ವಿಷಯಗಳು. ಇದನ್ನು ಓದಲು ವೈದ್ಯರೇ ಆಗಿರಬೇಕೆಂಬ ನಿರ್ಬಂಧ ಸಾಮಾನ್ಯವಾಗಿ ಇರುವುದಿಲ್ಲ. ತಮ್ಮ ಊರಿನ ಪದವೀಧರ ಯುವಕ ಯುವತಿಯರಿಗೆ ಈ ಮಾತನ್ನು ತಿಳಿಸಬಹುದು.

ಈ ವಿದ್ಯೆಯ ಬಹುಭಾಗ ಕಹಿ ಅನುಭವದಿಂದ ಹುಟ್ಟಿದುದು. 1994ರ ಜುಲೈನಲ್ಲಿ ರುವಾಂಡಾ ದೇಶದ ಲಕ್ಷಾಂತರ ನಿರಾಶ್ರಿತರು ಕೆಲವೇ ದಿನಗಳಲ್ಲಿ ಗಡಿ ದಾಟಿ ಗೋಮಾ ಪಟ್ಟಣದ ಸುತ್ತ ಬೀಡುಬಿಟ್ಟರು. ಅಲ್ಲಿಯ ನೆಲ ಜ್ವಾಲಾಮುಖಿಯ ಗಟ್ಟಿ ಕಲ್ಲು; ಶೌಚಗುಂಡಿ ತೋಡಲಾಗಲಿಲ್ಲ. ಶುದ್ಧ ನೀರು ಸಾಲದೆ ಜನ ಸರೋವರದ ನೀರನ್ನೇ ಕುಡಿದರು. ಕಾಲರಾ, ಅದರ ಬೆನ್ನಿಗೆ ರಕ್ತಭೇದಿ ಹಬ್ಬಿ, ಮೊದಲ ತಿಂಗಳಲ್ಲಿಯೇ ಸುಮಾರು 50,000 ಮಂದಿ ಸತ್ತರು. ಯುದ್ಧದಿಂದ ಪಾರಾಗಿ ಬಂದವರು ಪರಿಹಾರ ಶಿಬಿರದಲ್ಲಿ ಸತ್ತರು ಎಂಬುದು ಜಗತ್ತಿನ ಪರಿಹಾರ ಸಂಸ್ಥೆಗಳನ್ನು ಕಲಕಿತು. ಒಬ್ಬ ವ್ಯಕ್ತಿಗೆ ಕನಿಷ್ಠ ಎಷ್ಟು ನೀರು, ಎಷ್ಟು ಜಾಗ, ಎಷ್ಟು ಜನರಿಗೆ ಒಂದು ಶೌಚಾಲಯ ಎಂಬ ಅಂತರರಾಷ್ಟ್ರೀಯ ಮಾನದಂಡಗಳನ್ನು ರೂಪಿಸುವ ಕಾರ್ಯ 1997ರಲ್ಲಿ ಆರಂಭವಾದುದಕ್ಕೆ ಈ ದುರಂತವೂ ಒಂದು ಮುಖ್ಯ ಕಾರಣ.

ಇದಕ್ಕೆ ಪ್ರತಿಯಾದ ಇನ್ನೊಂದು ಉದಾಹರಣೆ ನಮ್ಮ ದೇಶದ್ದೇ. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದಾಗಲೂ ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಏರಿಸುವ ದ್ರಾವಣ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಅಡುಗೆ ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್‌ಗಳಲ್ಲಿ ತುಂಬಿಸಿಟ್ಟು, ರೋಗಿಗಳ ಬಂಧುಗಳಿಂದಲೇ ಲೋಟದಲ್ಲಿ ಕುಡಿಸಿದರು. ಶೇಕಡ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡ 4ಕ್ಕಿಂತ ಕೆಳಗಿಳಿಯಿತು. ಇಂದು ಆಶಾ ಕಾರ್ಯಕರ್ತೆಯರ ಚೀಲದಲ್ಲಿರುವ ಒಆರ್‌ಎಸ್ ಪೊಟ್ಟಣದ ಹಿಂದೆ ಆ ಅನುಭವವೂ ಇದೆ. ಅಲ್ಲಿ ಜೀವ ಉಳಿಸಿದವರಲ್ಲಿ ಹೆಚ್ಚಿನವರು ವೈದ್ಯರಲ್ಲ, ರೋಗಿಗಳ ಮನೆಯವರು ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ಇನ್ನು ನಮ್ಮ ಕಾಳಜಿ ಕೇಂದ್ರಗಳ ವಿಚಾರ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೆಯ ಪ್ರಕರಣದಂತೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ಪರಿಹಾರದ ಕನಿಷ್ಠ ಮಾನದಂಡಗಳನ್ನು ಪ್ರಕಟಿಸಿದೆ. ಅದರಂತೆ ಪ್ರತಿ ವ್ಯಕ್ತಿಗೆ 3.5 ಚದರ ಮೀಟರ್ ಜಾಗ, ದಿನಕ್ಕೆ 3 ಲೀಟರ್ ಕುಡಿಯುವ ನೀರು, ಸ್ನಾನ ಶೌಚಗಳಿಗೆ 15 ಲೀಟರ್ ನೀರು, 30 ಮಂದಿಗೆ ಒಂದು ಶೌಚಾಲಯ ಇರಬೇಕು. ಕೇಳಲು ಇವು ಅಲ್ಪವೆನಿಸಬಹುದು. ಲೆಕ್ಕ ಹಾಕಿದರೆ ಕಷ್ಟ ತಿಳಿಯುತ್ತದೆ. 20 ಅಡಿ ಉದ್ದ, 20 ಅಡಿ ಅಗಲದ ಒಂದು ತರಗತಿ ಕೊಠಡಿಯಲ್ಲಿ ಈ ಮಾನದಂಡದಂತೆ ಹತ್ತು ಮಂದಿಗೆ ಮಾತ್ರ ಸ್ಥಳವಿದೆ. 200 ಮಂದಿಯನ್ನು ಒಂದು ಶಾಲೆಗೆ ಕರೆತಂದರೆ ಅಂಥ 20 ಕೊಠಡಿ, ದಿನಕ್ಕೆ 3,600 ಲೀಟರ್ ನೀರು, ಏಳು ಶೌಚಾಲಯ ಬೇಕು. ನಮ್ಮ ಎಷ್ಟು ಶಾಲೆಗಳಲ್ಲಿ ಇಷ್ಟಿವೆ? 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ದಂಡೆಯ ಊರುಗಳನ್ನು ಒಮ್ಮೆಲೇ ತೆರವುಗೊಳಿಸಬೇಕಾಗಿ ಬಂದುದನ್ನು ನೆನೆದರೆ, ಈ ಲೆಕ್ಕವನ್ನು ನೀರು ಏರುವ ರಾತ್ರಿ ಮಾಡಲಾಗದು ಎಂಬುದು ಸ್ಪಷ್ಟ. ಒಂದು ಶಾಲೆ ಸಾಲದಿದ್ದರೆ ಎರಡನೆಯ ಕಟ್ಟಡ ಯಾವುದು, ಅದರ ಬೀಗದ ಕೈ ಯಾರ ಬಳಿ ಇದೆ ಎಂಬುದು ಬೇಸಿಗೆಯಲ್ಲಿಯೇ ನಿಶ್ಚಯವಾಗಿರಬೇಕು.

ಈ ಶಿಕ್ಷಣವು ಕೆಲವು ರೂಢಿಯ ನಂಬಿಕೆಗಳನ್ನು ತಿದ್ದುತ್ತದೆ. ಪ್ರವಾಹದಲ್ಲಿ ಅಥವಾ ಭೂಕಂಪದಲ್ಲಿ ಸತ್ತವರ ದೇಹಗಳಿಂದ ಸಾಂಕ್ರಾಮಿಕ ಹಬ್ಬುತ್ತದೆಂಬ ಭಯ ವ್ಯಾಪಕವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇದಕ್ಕೆ ಸಾಮಾನ್ಯವಾಗಿ ಆಧಾರವಿಲ್ಲ. ಗುರುತು ಹಚ್ಚದೆ ಅವಸರದಲ್ಲಿ ಶವಸಂಸ್ಕಾರ ಮಾಡಿದರೆ ಕುಟುಂಬದವರಿಗೆ ಮುಂದೆ ಪರಿಹಾರಧನ, ವಾರಸುದಾರಿಕೆಯ ತೊಡಕುಗಳು ಉಳಿಯುತ್ತವೆ. ಬದುಕಿರುವವರ ಮಲವು ಕುಡಿಯುವ ನೀರಿಗೆ ಸೇರುವುದೇ ಹೆಚ್ಚಿನ ಅಪಾಯ. ಹೀಗಿದ್ದರೂ ನೆರೆ ಇಳಿದ ಕೂಡಲೇ ಬ್ಲೀಚಿಂಗ್ ಪುಡಿಯನ್ನು ರಸ್ತೆಯ ಎರಡೂ ಬದಿಗೆ ಗೆರೆ ಎಳೆದಂತೆ ಚೆಲ್ಲುವುದನ್ನು ಎಲ್ಲೆಡೆ ಕಾಣುತ್ತೇವೆ. ಅದು ಕಣ್ಣಿಗೆ ಕಾಣುವ ಕೆಲಸ. ರೋಗ ತಡೆಯುವ ಕೆಲಸವಲ್ಲ. ಆ ಪುಡಿ ಸೇರಬೇಕಾದುದು ಟ್ಯಾಂಕಿಗೆ ಮತ್ತು ಬಾವಿಗೆ. ಉತ್ತಮ ಗುಣಮಟ್ಟದ ಪುಡಿಯಾದರೆ 1,000 ಲೀಟರ್ ತಿಳಿನೀರಿಗೆ ಸುಮಾರು 2.5 ಗ್ರಾಂ ಬೆರೆಸಿ ಒಂದು ಗಂಟೆ ಬಿಟ್ಟು ಬಳಸುವುದು ವಾಡಿಕೆಯ ಪ್ರಮಾಣ. ನೆರೆಯ ಕದಡಿದ ನೀರಿಗೆ ಹೆಚ್ಚು ಬೇಕಾಗುತ್ತದೆ. ಎಷ್ಟೆಂಬುದನ್ನು ನೀರು ಪರೀಕ್ಷಾ ಕಿಟ್‌ನಿಂದ ನೋಡಿ ಆರೋಗ್ಯ ಸಿಬ್ಬಂದಿ ನಿರ್ಧರಿಸಬೇಕು. ತೇವ ತಗುಲಿದ ಹಳೆಯ ಮೂಟೆಯ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ. ಪಂಚಾಯಿತಿಯ ದಾಸ್ತಾನು ಕೊಠಡಿಯನ್ನು ಒಮ್ಮೆ ತೆರೆದು ನೋಡುವುದು ಒಳಿತು.

ಸಾಲಿನಲ್ಲಿ ನಿಲ್ಲದವರನ್ನು ಹುಡುಕುವುದು ತರಬೇತಿಯ ಮತ್ತೊಂದು ಮುಖ್ಯ ಪಾಠ. ಊಟದ ಸಾಲಿಗೆ ಬರುವವರು ಕಣ್ಣಿಗೆ ಬೀಳುತ್ತಾರೆ. ಹಾಸಿಗೆ ಹಿಡಿದ ವೃದ್ಧರು, ಡಯಾಲಿಸಿಸ್ ಅಥವಾ ಕ್ಷಯದ ಚಿಕಿತ್ಸೆಯಲ್ಲಿರುವವರು, ಇನ್ಸುಲಿನ್ ಬೇಕಾದವರು, ಒಂಟಿ ಮಹಿಳೆಯರು, ಹೊರ ಜಿಲ್ಲೆಯಿಂದ ಬಂದು ಕಬ್ಬಿನ ಗದ್ದೆಯ ಗುಡಿಸಿಲಿನಲ್ಲಿರುವ ಕೂಲಿಕಾರರು ಬೀಳುವುದಿಲ್ಲ. ಜಾತಿಯ ಕಾರಣದಿಂದ ಒಂದೇ ಸೂರಿನಡಿ ಬರಲು ಹಿಂಜರಿಯುವವರೂ, ಬರಗೊಡದವರೂ ಉಂಟು. ಹೊರಗಿನಿಂದ ಬಂದ ತಜ್ಞರಿಗೆ ಇದು ಒಂದು ದಿನದಲ್ಲಿ ತಿಳಿಯದು. ವಾರ್ಡಿನ ಸದಸ್ಯರಿಗೆ ತಿಳಿದೇ ಇರುತ್ತದೆ. ನಷ್ಟದ ಆಘಾತದಲ್ಲಿ ನಿದ್ದೆ, ಊಟ ಬಿಟ್ಟವರ ವಿಷಯವನ್ನೂ ಆರೋಗ್ಯ ತಂಡಕ್ಕೆ ತಿಳಿಸಬೇಕು. ಇಂಥವರಿಗೆ ಬೆಂಬಲ ನೀಡುವ ವಿಧಾನಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಒಂದು ವಿಭಾಗವಿದೆ.

ಕಾಯ್ದೆಯ 41ನೆಯ ಪ್ರಕರಣವು ಸ್ಥಳೀಯ ಸಂಸ್ಥೆಗಳಿಗೂ ಪೂರ್ವಸಿದ್ಧತೆಯ ಹೊಣೆಯನ್ನು ವಹಿಸಿದೆ. ಆದುದರಿಂದ ಮುಂಗಾರಿಗೆ ಮುನ್ನ ಒಂದು ಸಭೆಯಲ್ಲಿ ಪಿಡಿಒ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಹಾಗೂ ನೀರುಗಂಟಿಯವರನ್ನು ಕೂಡಿಸಿ, ವಾರ್ಡುವಾರು ಮೇಲಿನ ವಿವರಗಳನ್ನು ಬರೆದಿಡತಕ್ಕದ್ದು. ಗರ್ಭಿಣಿಯರ ಹೆಸರಿನೊಂದಿಗೆ ಹೆರಿಗೆಯ ಅಂದಾಜು ತಿಂಗಳು, ಮಕ್ಕಳ ದಡಾರ ಲಸಿಕೆ ಬಾಕಿ ಇದ್ದರೆ ಅದು, ನಿತ್ಯ ಔಷಧ ಬೇಕಾದವರಿಗೆ ಯಾವ ಔಷಧ ಎಂಬುದೂ ಅದರಲ್ಲಿರಲಿ. ರೋಗದ ವಿವರ ಖಾಸಗಿಯಾದುದರಿಂದ ಆ ಪುಟಗಳನ್ನು ಸೂಚನಾ ಫಲಕಕ್ಕೆ ಹಚ್ಚಬಾರದು. ಕಾಳಜಿ ಕೇಂದ್ರ ತೆರೆದ ದಿನದಿಂದ ಭೇದಿ, ಜ್ವರದ ಪ್ರಕರಣಗಳನ್ನು ಪ್ರತಿ ಸಂಜೆ ಒಂದು ನೋಟ್‌ಬುಕ್ಕಿನಲ್ಲಿ ಎಣಿಸಿ ಬರೆಯಲು ಒಬ್ಬರನ್ನು ಹೆಸರಿಸಿರಬೇಕು. ಪಟ್ಟಿಯ ಒಂದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರಲಿ, ಇನ್ನೊಂದು ನೀರು ತಲುಪದ ಎತ್ತರದ ಮನೆಯೊಂದರಲ್ಲಿರಲಿ. ಪಂಚಾಯಿತಿ ಕಚೇರಿಯ ಕಪಾಟೇ ಮುಳುಗಿದರೆ ಅದರೊಳಗಿನ ಕಡತ ಯಾರಿಗೂ ಸಿಗುವುದಿಲ್ಲ.